ನಾಚಿಕೆ ಎಂದರು

ನವಲಗುಂದ
24 ನವೆಂಬರ್ 1985

ಅವ್ವಾ,

ಮುಟ್ಟಿದ್ದೇನೆ. ನೀನು ಕಟ್ಟಿಕೊಟ್ಟ ಶೇಂಗಾ ಹೋಳಿಗೆಯಲ್ಲಿ ಅರ್ಧ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ನೂಕಾಟದಲ್ಲೇ ಪುಡಿಯಾದವು. ಉಳಿದರ್ಧ ಮನೆಯೊಡತಿ ಮುಕ್ತಾಬಾಯಿಯವರ ಪಾಲಾದವು. ಬಾಡಿಗೆಗೆ ಕೋಣೆ ಕೊಟ್ಟವರಿಗೆ ಅಷ್ಟಾದರೂ ಹಕ್ಕು ಬೇಡವೇ? "ನಿಮ್ಮವ್ವನ ಕೈರುಚಿ ಭಾಳ ಛಲೋ ಅದ ಬಿಡು. ಮದವಿ ಊಟಕ್ಕ ನನ್ನ ಮರೀಬ್ಯಾಡ" ಎಂದರು. ನಾನು ಮದುವೆಯ ಸುದ್ದಿಯನ್ನೇ ಎತ್ತಿರಲಿಲ್ಲ. ನಿನ್ನ ತಮ್ಮ ಹುಲಿಗೆಪ್ಪ ಮಾವ ನನಗಿಂತ ಮೊದಲೇ ಬಂದು ಹೇಳಿ ಹೋಗಿದ್ದನಂತೆ.

ದೀಪಾವಳಿಗೆ ನೀವೆಲ್ಲ ಕೂತು ಮಾತು ಮುಗಿಸಿದಿರಿ. ನನ್ನ ಶಿಕ್ಷಕಿ ತರಬೇತಿಯ ಪರೀಕ್ಷೆ ಮುಗಿದ ಮೇಲೆ, ವೈಶಾಖದಲ್ಲಿ ಮದುವೆ. ನನಗೆ ಇದು ಹೊಸದಲ್ಲ. ತೊಟ್ಟಿಲಲ್ಲಿದ್ದಾಗಲೇ ಅಜ್ಜಿ "ಇದು ನಮ್ಮ ಹುಲಿಗೆಪ್ಪನ ಹೇಂತಿ" ಎಂದು ಹೆಸರಿಟ್ಟವಳು. ಸೋದರಮಾವ ಇರುವಾಗ ಬೇರೆ ಗಂಡು ಹುಡುಕುವ ಮನೆಯೇ ನಮ್ಮ ಕಡೆ ಇಲ್ಲ. ಆದರೆ ಇಷ್ಟು ದಿನ ಅದು ಚೇಷ್ಟೆಯ ಮಾತಾಗಿತ್ತು, ಈಗ ತಿಥಿ ನಕ್ಷತ್ರ ನೋಡುವ ಮಾತಾಗಿದೆ.

ಗುರುವಾರ ಮಾವ ಮತ್ತೆ ಬಂದಿದ್ದ. ("ಬಂದಿದ್ದರು" ಎನ್ನಬೇಕು, ಗೊತ್ತು. ಬೈಯಬೇಡ.) ಅಣ್ಣಿಗೇರಿ ಕಡೆಯಿಂದ ಇಲ್ಲಿಗೆ ನೇರ ಬಸ್ಸಿದೆ, ಮನಸ್ಸು ಬಂದಾಗ ಹತ್ತಿ ಬಿಡುತ್ತಾನೆ. ನಾನು ಗೆಳತಿಯರ ಜೊತೆ ತರಬೇತಿ ಶಾಲೆಯ ಗೇಟಿನ ಹೊರಗೆ ಕಾಲಿಟ್ಟಿದ್ದೆನಷ್ಟೇ. ಹಿಂದಿನಿಂದ ಬಂದು ನನ್ನ ಕಿವಿಯ ಬಾಜೂಕ್ಕೇ ಫಟ್ಟನೆ ಚಪ್ಪಾಳೆ ಹೊಡೆದ. ನಾನು ಕಿರುಚಿದ್ದಕ್ಕೆ ಎದುರಿನ ಕಿರಾಣಿ ಅಂಗಡಿಯವರು ಎದ್ದು ನಿಂತರು. ಪುಸ್ತಕಗಳೆಲ್ಲ ನೆಲದ ಮೇಲೆ. ಎಲ್ಲರೂ ನಕ್ಕರು, ಎಲ್ಲರಿಗಿಂತ ಹೆಚ್ಚು ನಾನೇ ನಕ್ಕೆ. ಅವನು ನನಗೊಂದು ಸೀರೆ, ಮುಕ್ತಾಬಾಯಿಯವರಿಗೆ ಪೇಢೆ ಕೊಟ್ಟು ಹೋದ.

ಅಂದಿನಿಂದ ಒಂದು ಕಾಟ ಶುರುವಾಗಿದೆ. ಅಂಗೈ ತಣ್ಣಗಾಗುತ್ತದೆ. ಎದೆಯಲ್ಲಿ ಒನಕೆ ಹಾಕಿದ ಹಾಗೆ ಆಗುತ್ತದೆ. ರೊಟ್ಟಿ ಬಾಯಲ್ಲಿಟ್ಟರೆ ಗಂಟಲಲ್ಲಿ ಇಳಿಯುವುದಿಲ್ಲ. ಅಣ್ಣಿಗೇರಿ ಬಸ್ಸು ಬರುವ ಹೊತ್ತಿಗಂತೂ ನಾನು ಓದುತ್ತಿದ್ದ ಸಾಲು ಯಾವುದೆಂದೇ ಮರೆತು ಹೋಗುತ್ತದೆ. ಮುಕ್ತಾಬಾಯಿ ಅಜವಾನದ ಕಷಾಯ ಕುಡಿಸಿದರು. ಗೆಳತಿಯರು ಔಷಧಿಯೇ ಬೇಡವೆಂದರು. "ನಾಚಿಕಿ ಬಂದೈತಲೇ ನಿನಗ, ಮದವಿ ಆದ ಮ್ಯಾಲ ತಾನ ಹೊಕ್ಕೈತಿ" ಎಂದು ಗಲ್ಲ ಹಿಂಡಿದರು.

ನಾಚಿಕೆ ಹೀಗಿರುತ್ತದೆಯೇ ಅವ್ವಾ? ಅಪ್ಪ ನಿನ್ನನ್ನು ನೋಡಲು ಬಂದಾಗ ನಿನಗೂ ಹೀಗೇ ಆಗಿತ್ತೇ? ಬೇರೆ ಯಾರನ್ನು ಕೇಳಲಿ, ಹೇಳು.

ಉತ್ತರದ ದಾರಿ ಕಾಯುವ ನಿನ್ನ
ಸಾವಕ್ಕ


ಯರಗುಪ್ಪಿ
9 ಡಿಸೆಂಬರ್ 1985

ಮಗಳೇ ಸಾವಕ್ಕ,

ನಿನ್ನ ಪತ್ರ ಬಂದಾಗ ನಿನ್ನ ತಮ್ಮ ಬಸು ಓದಿ ಹೇಳುತ್ತೇನೆಂದು ಠೀವಿಯಿಂದ ಕೂತ. ಕಸಿದುಕೊಂಡು ನಾನೇ ಓದಿದೆ. ನಾಲ್ಕನೆಯ ಇಯತ್ತೆ ಕಲಿತವಳ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಸಾವಕಾಶ ಓದಿಕೋ.

ಅಜವಾನವೂ ಬೇಡ, ಡಾಕ್ಟರೂ ಬೇಡ. ಇದು ನಾಚಿಕೆಯೇ. ಸಣ್ಣವಳಿದ್ದಾಗಿನಿಂದಲೂ ಹುಲಿಗೆಪ್ಪನನ್ನು ಕಂಡರೆ ನಿನ್ನದು ಇದೇ ಪಾಡು. ನನ್ನ ತವರಿನಲ್ಲಿ ಇವತ್ತಿಗೂ ಒಂದು ಮಾತು ಹೇಳಿ ನಗುತ್ತಾರೆ, ನಿನಗೆ ನೆನಪಿರಲಿಕ್ಕಿಲ್ಲ. ಬಸು ಹುಟ್ಟಿದಾಗ ನಾನು ಅಲ್ಲಿ ಬಾಣಂತಿ ಕೋಣೆಯಲ್ಲಿದ್ದೆ. ಅಂಗಳದ ಹಗೇವು ಖಾಲಿಯಾಗಿತ್ತು. ನೆಲದಡಿಯ ಆ ಜೋಳದ ಗುಂಡಿಯ ತಳದಲ್ಲಿ ನಾಲ್ಕು ಬೊಗಸೆ ಕಾಳು ಉಳಿದಿದ್ದವಂತೆ. ಸಣ್ಣ ಹುಡುಗರನ್ನು ಹಗ್ಗ ಕಟ್ಟಿ ಇಳಿಸಿ ಬಳಿಸುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಹುಲಿಗೆಪ್ಪ ಆಗ ಮೀಸೆ ಚಿಗುರುತ್ತಿದ್ದ ಹುಡುಗ. ನಿನ್ನನ್ನು ಇಳಿಸಿದ, ಚೇಷ್ಟೆಗೆ ಮೇಲೆ ಕಲ್ಲು ಮುಚ್ಚಿದ. ಮೇಲೆತ್ತಿದಾಗ ನಿನ್ನ ಬಾಯಿಂದ ಒಂದು ಮಾತಿಲ್ಲವಂತೆ. ಎಷ್ಟೋ ದಿನ ಮಾತಾಡಲಿಲ್ಲ. ಅವನು ಎದುರಿಗೆ ಬಂದರೆ ನನ್ನ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಆಗ ಅಜ್ಜಿ ಹೇಳಿದ್ದು, "ನೋಡ್ರಿ, ಈಗಿಂದ ಗಂಡಗ ಹೆಂಗ ನಾಚತೈತಿ!"

ನನಗೆ ಹೇಗಾಗಿತ್ತು ಎಂದು ಕೇಳಿದ್ದೀ. ನಿಮ್ಮಪ್ಪ ನೋಡಲು ಬಂದ ದಿನ ನಾನು ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದೆ. ಅವರ ಮುಂದೆ ಕೂರಿಸಿದರೆ ನನಗೆ ಹಾಲಿನದೇ ಚಿಂತೆ. ಎದೆಗಿದೆ ಏನೂ ಹೊಡೆದುಕೊಳ್ಳಲಿಲ್ಲ. ಕಡೆಗೆ ನಿಮ್ಮಪ್ಪನೇ ಮೂಗು ಅರಳಿಸಿ, "ಒಳಗ ಹಾಲ ಉಕ್ಕಾಕ ಹತ್ಯಾವು ನೋಡ್ರಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮುಖವೆತ್ತಲು ನಾಚಿಕೆಯಾಯಿತು. ಒಬ್ಬೊಬ್ಬರಿಗೆ ಒಂದೊಂದು ಥರ ಆಗುತ್ತದೆ, ಅದನ್ನೇನು ತೂಗಿ ನೋಡುತ್ತೀ.

ಅಜ್ಜಿ ಮೊನ್ನೆ ಹೇಳಿದ ಮಾತನ್ನೂ ತಿಳಿಸಿಬಿಡುತ್ತೇನೆ. "ದುಂಡೀ, ನಿನ್ನ ಮಗಳು ಈ ಮನಿ ಹೊಸ್ತಿಲಾ ದಾಟಿ ಬರಲಿಲ್ಲ ಅಂದ್ರ ನೀನೂ ದಾಟಬ್ಯಾಡ." ನಾನು ಮೂವರಲ್ಲಿ ಹಿರಿಯಳು, ಎತ್ತಿ ಆಡಿಸಿದ ತಮ್ಮಂದಿರು ಗುಡದಪ್ಪ, ಹುಲಿಗೆಪ್ಪ ಇಬ್ಬರೂ ಅಲ್ಲಿದ್ದಾರೆ. ಹೆಣ್ಣಿಗೆ ತವರೊಂದೇ ಇರುವುದು. ಹೊಟ್ಟೆ ತುಂಬ ಉಣ್ಣು, ನಿದ್ದೆ ಮಾಡು, ಎಲ್ಲ ಸರಿಹೋಗುತ್ತದೆ.

ನಿನ್ನ ಹಡೆದವಳು
ದುಂಡವ್ವ


ನವಲಗುಂದ
12 ಜನವರಿ 1986

ಅವ್ವಾ,

ಸಂಕ್ರಮಣಕ್ಕೆ ಬರಲಾಗುವುದಿಲ್ಲ, ನಮಗೆ ಪಾಠ ಹೇಳುವ ಅಭ್ಯಾಸ ಶುರುವಾಗಿದೆ. ನನಗೆ ಎರಡನೆಯ ಇಯತ್ತೆ ಸಿಕ್ಕಿದೆ. ಜಮಖಾನ ನೇಯುವ ಮನೆಗಳ ಮಕ್ಕಳೇ ಹೆಚ್ಚು, ತಲೆಗೂದಲಲ್ಲಿ ಬಣ್ಣದ ನೂಲಿನ ಎಳೆ ಸಿಕ್ಕಿಸಿಕೊಂಡೇ ಬರುತ್ತವೆ. ನಮ್ಮ ತರಬೇತಿಯ ಶಿಕ್ಷಕಿ ಹೀರಾಬಾಯಿ ಅಕ್ಕಾವರು ಒಂದು ಹೊಸ ಪಾಠ ಹೇಳಿಕೊಟ್ಟಿದ್ದಾರೆ. ಮಕ್ಕಳನ್ನು ಸುತ್ತ ಕೂರಿಸಿ ಕೇಳಬೇಕು: ಸಿಟ್ಟು ಬಂದರೆ ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ, ಕೈ ಇಟ್ಟು ತೋರಿಸಿರಿ. ದುಃಖ ಬಂದರೆ ಎಲ್ಲಿ? ಅಂಜಿಕೆ ಬಂದರೆ ಎಲ್ಲಿ? ನಾನು ಮೊದಲು, ಇದೆಂಥ ಪಾಠ, ಮಗ್ಗಿಯಾದರೂ ಕಲಿತಾವು ಎಂದುಕೊಂಡಿದ್ದೆ.

ಮಕ್ಕಳು ಮೇಲೆ ಬಿದ್ದು ತೋರಿಸಿದವು. ಸಿಟ್ಟು ಒಬ್ಬನಿಗೆ ಕಿವಿಯಲ್ಲಿ, ಇನ್ನೊಬ್ಬಳಿಗೆ ಹಲ್ಲಿನಲ್ಲಿ. ಅಂಜಿಕೆ ಹೊಟ್ಟೆಯಲ್ಲಿ, ಮೊಣಕಾಲಲ್ಲಿ, ಅಂಗೈಯಲ್ಲಿ. ರೇಷ್ಮಾಬಿ ಎಂಬ ಹುಡುಗಿಯೊಂದಿದೆ. ಬೋರ್ಡಿಗೆ ಕರೆದರೆ ಸಾಕು ಕಿಸಿಕಿಸಿ ನಗುತ್ತದೆ, ಹಾಗಾಗಿ ಎಲ್ಲ ಮಾಸ್ತರರ ಕೈಯಲ್ಲೂ ಪೆಟ್ಟು ತಿಂದಿದೆ. ಅದು ಎದ್ದು ನಿಂತು ತನ್ನ ತುಟಿ ಮುಟ್ಟಿ ತೋರಿಸಿತು. "ನನಗ ಅಂಜಿಕಿ ಬಂದ್ರ ಇಲ್ಲಿ ನಗು ಬರತೈತ್ರಿ ಅಕ್ಕಾರ. ನಾ ನಗಬೇಕಂತ ನಗೂದಿಲ್ರಿ."

ನಾನು ಮುಂದಿನ ಪ್ರಶ್ನೆ ಕೇಳಲಿಲ್ಲ ಅವ್ವಾ. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಕೂತಿದ್ದರು, ನನಗೆ ಅಂಕ ಕಡಿಮೆ ಬಿದ್ದವು.

ಅವತ್ತು ಪರೀಕ್ಷಕರು ಒಳಗೆ ಬಂದಾಗಲೇ ನನ್ನ ಅಂಗೈ ತಣ್ಣಗಾಗಿತ್ತು, ಎದೆಯಲ್ಲಿ ಒನಕೆ ಬಿದ್ದಿತ್ತು. ಮಾವ ಬಂದಾಗ ಆಗುವುದೇ ಅದು. ಒಂದು ಎಳೆಯೂ ಬೇರೆಯಲ್ಲ. ಆ ಮುದುಕರನ್ನು ಕಂಡು ನನಗೆ ನಾಚಿಕೆಯಾಯಿತೆಂದು ಯಾರೂ ಹೇಳಲಿಲ್ಲವಲ್ಲ!

ನನಗೆ ನಾಚಿಕೆ ಇಲ್ಲ ಅವ್ವಾ. ಅಂಜಿಕೆ ಇದೆ. ಏತಕ್ಕೆ ಎಂದು ಕೇಳಬೇಡ. ಮಾವ ನನಗೆ ಒಂದು ದಿನ ಹೊಡೆದವನಲ್ಲ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಹಗೇವಿನ ಮಾತು ನನಗೆ ನಿಜಕ್ಕೂ ನೆನಪಿಲ್ಲ. ಆದರೆ ನಿನ್ನ ಪತ್ರ ಓದಿದ ಮೇಲೆ ಮುಕ್ತಾಬಾಯಿಯವರ ಜೋಳದ ಚೀಲ ಇಟ್ಟ ಕೋಣೆಗೆ ಹೋಗಲು ನನ್ನಿಂದ ಆಗುತ್ತಿಲ್ಲ. ಆ ಹಳೆ ಜೋಳದ ವಾಸನೆಗೆ ಕಾಲು ಹೊಸ್ತಿಲಲ್ಲೇ ನಿಂತುಬಿಡುತ್ತವೆ. ನನ್ನ ತಲೆಗೆ ನೆನಪಿಲ್ಲದ್ದು ಕಾಲಿಗೆ ಹೇಗೆ ನೆನಪಿದೆಯೋ ತಿಳಿಯದು.

ಅವತ್ತು ನನ್ನನ್ನು ಮೇಲೆತ್ತಿದವರು ಯಾರು? ನಾನು ಒಳಗೆ ಅತ್ತೆನೋ ಇಲ್ಲವೋ, ಯಾರಿಗಾದರೂ ಕೇಳಿಸಿತ್ತೇ? ಅದನ್ನಷ್ಟು ಬರೆದು ತಿಳಿಸು.

ನಿನ್ನ
ಸಾವಕ್ಕ


ಯರಗುಪ್ಪಿ
22 ಜನವರಿ 1986
(ಕಾರ್ಡು)

ಸಾವಕ್ಕ,

ಇಂಥದ್ದನ್ನೆಲ್ಲ ಪತ್ರದಲ್ಲಿ ಬರೆಯಬಾರದು. ಕಲಿಯಲು ಕಳಿಸಿದ್ದು ಮಾಸ್ತರಿಕೆಯನ್ನು, ಇದನ್ನಲ್ಲ. ಉಂಡ ಮನೆಯ ಜಂತಿ ಎಣಿಸಬಾರದು. ಫೆಬ್ರವರಿ ಎರಡನೆಯ ವಾರ ಅಜ್ಜಿಯ ಮನೆಯಲ್ಲಿ ನಿಶ್ಚಯ ಇಟ್ಟುಕೊಂಡಿದ್ದಾರೆ. ಒಂದು ದಿನ ಮೊದಲೇ ಬಾ. ನಾವು ಎಲ್ಲರೂ ಅಲ್ಲಿಗೇ ಬರುತ್ತೇವೆ. ಹಸಿರು ಸೀರೆ ಮರೆಯಬೇಡ.

ಅವ್ವ


ನವಲಗುಂದ
18 ಫೆಬ್ರವರಿ 1986

ಅವ್ವಾ,

ಈಗ ನಾನು ನಿಶ್ಚಯವಾದ ಹೆಣ್ಣು. ಮುಕ್ತಾಬಾಯಿ ದೃಷ್ಟಿ ತೆಗೆದರು.

ನಿಶ್ಚಯದ ಹಿಂದಿನ ದಿನ ಅಂಗಳದಲ್ಲಿ ನಡೆದದ್ದನ್ನು ಬರೆಯುತ್ತೇನೆ. ನೀನೂ ಅಲ್ಲೇ ಇದ್ದೆ, ನಿನಗೆ ಹೇಳುವುದೇನು ಎನ್ನಬೇಡ. ನಾವಿಬ್ಬರೂ ಒಂದನ್ನೇ ಕಂಡೆವೋ ಇಲ್ಲವೋ ನನಗೆ ಗೊತ್ತಾಗಬೇಕು.

ಬೀಗರ ರೊಟ್ಟಿಗೆಂದು ಹಗೇವು ತೆಗೆದರು. ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ಆಮೇಲೆ ಗುಡದಪ್ಪ ಮಾವ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಕಂದೀಲು ಆರಲಿಲ್ಲ, ಆಳು ಇಳಿದ. ಬುಟ್ಟಿ ಬುಟ್ಟಿ ಜೋಳ ಮೇಲೆ ಬಂತು. ಹೆಂಗಸರು ಹಾಡು ಹೇಳುತ್ತಿದ್ದರು. ನಾನು ದೂರ ಕಟ್ಟೆಯ ಮೇಲೆ ಕೂತಿದ್ದೆ.

ಹುಲಿಗೆಪ್ಪ ಮಾವ ಹಿಂದಿನಿಂದ ಬಂದು ನನ್ನ ಕುತ್ತಿಗೆಯ ಮೇಲೆ ಕೈ ಇಟ್ಟ. "ಇಳೀತಿ ಏನ ಇನ್ನೊಮ್ಮಿ?" ಎಂದ. ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ನಿಲ್ಲಿಸಬೇಕೆಂದರೆ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. ಆಗ ಅವನು ನನ್ನನ್ನು ಬಿಟ್ಟು ಗುಡದಪ್ಪ ಮಾವನ ಮಗಳು ಸಣ್ಣವ್ವನನ್ನು ಎತ್ತಿಕೊಂಡ. ಇನ್ನೂ ಶಾಲೆಗೆ ಹೋಗದ ಕೂಸು ಅದು. ಎರಡೂ ತೋಳು ಹಿಡಿದು ಹಗೇವಿನ ಬಾಯಿಯ ಮೇಲೆ ತೂಗಿದ. "ಬಿಡ್ಲ್ಯಾ? ಬಿಡ್ಲ್ಯಾ?" ಕೂಸು ಮೊದಲು ಕಿಲಕಿಲ ನಕ್ಕಿತು. ಆಮೇಲೆ ಅದರ ಧ್ವನಿಯೇ ನಿಂತಿತು. ಕೆಳಗಿಳಿಸಿದಾಗ ಅದರ ಲಂಗ ಒದ್ದೆಯಾಗಿತ್ತು. ಅಜ್ಜಿ, "ಕಾಕಾಗ ನಾಚತೈತಿ ನೋಡು" ಎಂದಳು.

ನಾನು ಆಗ ನಿನ್ನನ್ನು ನೋಡಿದೆ. ನೀನು ಪಡಸಾಲೆಯ ಕಂಬದ ಹತ್ತಿರ ಬುಟ್ಟಿ ಹಿಡಿದು ನಿಂತಿದ್ದೆ. ಎಲ್ಲರ ಜೊತೆ ನೀನೂ ನಗುತ್ತಿದ್ದೆ. ಆದರೆ ನಿನ್ನ ಕೈಯ ಬುಟ್ಟಿ ಅಲುಗಾಡುತ್ತಿತ್ತು, ಜೋಳ ನೆಲದ ಮೇಲೆ ಸುರಿಯುತ್ತಿತ್ತು, ನಿನಗದು ಗೊತ್ತೇ ಇರಲಿಲ್ಲ. ಒಂದು ಕಾಳು ಚೆಲ್ಲಿದರೂ ಬಾಗಿ ಆರಿಸಿಕೊಳ್ಳುವವಳು ನೀನು.

ನೀನು ನನ್ನ ಹಾಗೆಯೇ ನಗುತ್ತೀ ಅವ್ವಾ. ಎಂದಿನಿಂದ? ತಮ್ಮ ಎಂದು ಎತ್ತಿ ಆಡಿಸಿದವನಿಗೆ ನೀನೂ ಅಂಜುತ್ತೀಯಾ? ನಿನ್ನನ್ನು ನೋಯಿಸಲು ಕೇಳುತ್ತಿಲ್ಲ. ಆ ಅಂಗಳದಲ್ಲಿ ನಾನು ಒಬ್ಬಳೇ ಅಲ್ಲ ಎಂದು ಅವತ್ತು ಮೊದಲ ಸಲ ಅನಿಸಿತು, ಅದಕ್ಕೆ ಕೇಳುತ್ತಿದ್ದೇನೆ.

ನಿನ್ನ
ಸಾವಕ್ಕ


ನವಲಗುಂದ
16 ಮಾರ್ಚ್ 1986

ಅವ್ವಾ,

ನಿನ್ನಿಂದ ಉತ್ತರವಿಲ್ಲ. ಸಿಟ್ಟಾಗಿದ್ದೀ ಎಂದುಕೊಂಡು ಸುಮ್ಮನಿದ್ದೆ. ಆದರೆ ಇದನ್ನು ಬರೆಯದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ಶುಕ್ರವಾರ ಮಧ್ಯಾಹ್ನ ಮುಕ್ತಾಬಾಯಿ ಸಂತೆಗೆ ಹೋಗಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ. ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು, ತಲೆಯೆತ್ತಿದರೆ ಹುಲಿಗೆಪ್ಪ ಮಾವ. ಯಾವಾಗ ಬಂದು ನಿಂತಿದ್ದನೋ. ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ. ಬಾಗಿಲ ಚಿಲಕವನ್ನು ಬೆರಳಲ್ಲಿ ಆಡಿಸುತ್ತ ನಿಂತ. ನಾನು ನೀರು ಬೇಕೇ ಎಂದು ಕೇಳಿದೆ. ಕೇಳುತ್ತ ನಕ್ಕೆ.

ಅವನು ನಗಲಿಲ್ಲ. ನನ್ನನ್ನು ಸುಮ್ಮನೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. "ಅವರೆಲ್ಲಾ ನಿನಗ ನಾಚಿಕಿ ಅಂತಾರ. ನನಗ ಗೊತ್ತೈತಿ, ಅದು ನಾಚಿಕಿ ಅಲ್ಲ. ನಿನಗ ನಾ ಅಂದ್ರ ಅಂಜಿಕಿ. ಸಣ್ಣಾಕಿ ಇದ್ದಾಗಿಂದ ನೋಡೇನಿ ನಾ." ನಾನು ಅಕ್ಕಿಯ ಮೊರ ಎಳೆದುಕೊಂಡೆ. "ಅಂಜಬೇಕು. ಅಂಜೂ ಹೇಂತಿ ಅಂದ್ರ ನನಗ ಭಾಳ ಸೇರತಾಳ" ಎಂದ. ಚಿಲಕ ಬಿಟ್ಟ. ಜೇಬಿನಿಂದ ಮಲ್ಲಿಗೆ ಮಾಲೆ ತೆಗೆದು ಹೊಸ್ತಿಲ ಮೇಲಿಟ್ಟು ಹೋದ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನೀನೇ ಹೇಳುತ್ತಿದ್ದೆ. ಆದರೆ ಆ ಬೆಕ್ಕಿಗೆ ಇಲಿಯ ಸಂಕಟ ಗೊತ್ತಿರುವುದಿಲ್ಲ, ಅದು ಬರೀ ಆಡುತ್ತದೆ ಎಂದುಕೊಂಡಿದ್ದೆ ನಾನು. ಇವನಿಗೆ ಗೊತ್ತಿದೆ. ನೀನು, ಅಪ್ಪ, ಅಜ್ಜಿ, ನನ್ನ ಗೆಳತಿಯರು, ನಾನು ಸಹ, ಎಲ್ಲರೂ ನಾಚಿಕೆ ಎಂದೆವು. ನನ್ನ ಮನಸ್ಸಿನಲ್ಲಿ ಇರುವುದು ಏನೆಂದು ಮೊದಲಿನಿಂದಲೂ ತಿಳಿದವನು ಅವನೊಬ್ಬನೇ.

ಹೀರಾಬಾಯಿ ಅಕ್ಕಾವರಿಗೆ ಹೇಳೋಣವೆಂದು ಹೋದೆ. ಏನೆಂದು ಹೇಳಲಿ? ಮಾವ ಬಂದ, ಬಾಗಿಲಲ್ಲಿ ನಿಂತ, ಹೂವು ಕೊಟ್ಟು ಹೋದ. ಇದರಲ್ಲಿ ತಪ್ಪೇನಿದೆ? ಕೇಳಿದವರು ನನ್ನನ್ನೇ ಮಳ್ಳಿ ಅಂದಾರು. ಮರಳಿ ಬಂದೆ.

ಈಗ ನಾನು ಚಿಲಕ ಹಾಕಿಕೊಂಡೇ ಇರುತ್ತೇನೆ. ಹಾಕಿಕೊಂಡರೆ ಒಳಗೆ ಉಸಿರು ಕಟ್ಟುತ್ತದೆ, ತೆಗೆದರೆ ಅವನು ನಿಂತಿರುತ್ತಾನೆ ಎನಿಸುತ್ತದೆ.

ನಾನು ಆ ಮನೆಗೆ ಹೋಗಲಾರೆ ಅವ್ವಾ. ಇಷ್ಟು ಬರೆದರೂ ನಿನಗೊಂದು ನಿಜ ಹೇಳಬೇಕು. ನೀನು ಬಂದು ನನ್ನ ಕೈ ಹಿಡಿದು, ನನ್ನ ತವರು ಉಳಿಸು ಎಂದರೆ ನಾನು ಬಂದುಬಿಡುತ್ತೇನೆ. ಬಾಸಿಂಗ ಕಟ್ಟಿದರೆ ಕಟ್ಟಿಸಿಕೊಳ್ಳುತ್ತೇನೆ. ಎಲ್ಲರೂ ನಕ್ಕರೆ ನಾನೂ ನಗುತ್ತೇನೆ. ಅವನಿಗಿಂತ ಹೆಚ್ಚು ನನಗೆ ಅದರದೇ ಅಂಜಿಕೆ.

ಸಾವಕ್ಕ


ಯರಗುಪ್ಪಿ
15 ಏಪ್ರಿಲ್ 1986

ನನ್ನ ಸಾವಕ್ಕನಿಗೆ,

ನಿನ್ನ ಎರಡೂ ಪತ್ರ ಬಂದಿದ್ದವು. ಉತ್ತರ ಬರೆಯಲು ಕೂತರೆ ಮೊದಲ ಸಾಲೇ ಬರುತ್ತಿರಲಿಲ್ಲ. ಯುಗಾದಿಗೆ ಬೇವು ಬೆಲ್ಲ ಹಂಚಿ, ಮರುದಿನ ನಿಮ್ಮಪ್ಪನಿಗೆ ನಮ್ಮವ್ವನನ್ನು ನೋಡಿ ಬರುತ್ತೇನೆಂದು ಹೇಳಿ ಒಬ್ಬಳೇ ಹೊರಟೆ. ಏಕೆ ಹೋಗುತ್ತಿದ್ದೇನೆಂದು ಹೇಳಲಿಲ್ಲ. ನನಗೇ ಗಟ್ಟಿಯಾಗಿ ಗೊತ್ತಿರಲಿಲ್ಲ.

ಬಸ್ಸು ಹುಬ್ಬಳ್ಳಿ ದಾಟಿದ ಮೇಲೆ ನಿನ್ನ ಶಾಲೆಯ ಮಕ್ಕಳ ಆಟ ನೆನಪಾಯಿತು. ನಗಬೇಡ, ನಾನೂ ಕೈ ಇಟ್ಟು ನೋಡಿಕೊಂಡೆ. ಹೊಟ್ಟೆಯ ಮೇಲೆ ಇಟ್ಟರೆ ಹೊಟ್ಟೆ ಗಂಟು ಕಟ್ಟಿತ್ತು. ತವರಿಗೆ ಹೋಗುವಾಗಲೆಲ್ಲ ಹೀಗಾಗುತ್ತದೆ. ಬಸ್ಸಿನ ಧಕ್ಕೆಗೆ ಎಂದು ಲಿಂಬೆಹಣ್ಣು ಮೂಸುತ್ತಿದ್ದೆ. ಕುಂದಗೋಳದ ಬಸ್ಸಿನಲ್ಲಿ ಧಕ್ಕೆ ಇಲ್ಲವೇ, ಅಲ್ಲಿ ಒಂದು ದಿನವೂ ಗಂಟು ಕಟ್ಟಿಲ್ಲ. ಅಣ್ಣಿಗೇರಿ ಬರುವವರೆಗೂ ಕೈ ತೆಗೆಯಲಿಲ್ಲ.

ಅಜ್ಜಿ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಹುಲಿಗೆಪ್ಪ ಕಂಬಕ್ಕೆ ಒರಗಿ ಕೂತಿದ್ದ. ನಾನು ಚೀಲವನ್ನೂ ಕೆಳಗಿಡಲಿಲ್ಲ. ಇಟ್ಟರೆ ಹೇಳುವುದಿಲ್ಲ ಎಂದು ಗೊತ್ತಿತ್ತು. "ಯವ್ವಾ, ಸಾವಕ್ಕನ್ನ ಈ ಮನಿಗೆ ಕೊಡೂದಿಲ್ಲ" ಎಂದೆ.

"ಯಾಕ? ಏನಾತು?"

"ಆಕಿಗೆ ಅಂಜಿಕಿ ಐತಿ."

ಅಜ್ಜಿ ನಕ್ಕಳು. "ಅದು ನಾಚಿಕಿ ಬೇ. ನಾವೆಲ್ಲಾ ಹೆಂಗ ಮದವಿ ಆದ್ವಿ?"

"ನಾಚಿಕಿ ಅಂದ್ರೇನು ನನಗ ಗೊತ್ತೈತಿ ಯವ್ವಾ. ಇದು ಅಂಜಿಕಿ. ನನಗೂ ಐತಿ."

ಹುಲಿಗೆಪ್ಪ ಎದ್ದ. ಸೀದಾ ಹೋಗಿ ತಲೆಬಾಗಿಲು ಹಾಕಿ ಅಗಳಿ ಜಡಿದ. ಪಡಸಾಲೆ ಕತ್ತಲಾಯಿತು. ತಿರುಗಿ ನಿಂತು, "ಹೂಂ ಅಕ್ಕಾ. ಈಗ ಹೇಳು ನೋಡೂಣು" ಎಂದ.

ಮಗಳೇ, ನನ್ನ ಗಂಟಲಲ್ಲಿ ನಗು ಎದ್ದು ಬಂತು. ಥೇಟ್ ನೀನು ಬರೆದ ಹಾಗೆ. ಇನ್ನೇನು ತುಟಿಗೆ ಬರಬೇಕು, ನಾನು ಹಲ್ಲು ಕಚ್ಚಿದೆ. ನಗಲಿಲ್ಲ. ನಾನು ಮಾಡಿದ ಪರಾಕ್ರಮ ಅಷ್ಟೇ, ನಗಲಿಲ್ಲ. ಗುಡದಪ್ಪನ ಹೆಂಡತಿ ನೀಲವ್ವ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಅವಳೂ ನಗಲಿಲ್ಲ. ಅಜ್ಜಿ ಒಮ್ಮೆ ಹೆಹೆ ಎಂದಳು, ಯಾರೂ ಜೊತೆಗೂಡದ್ದಕ್ಕೆ ಅದೂ ನಿಂತಿತು. ಹುಲಿಗೆಪ್ಪ ನಮ್ಮ ಮುಖ ನೋಡುತ್ತ ಕಾದ. ಯಾರಾದರೂ ನಕ್ಕೇ ನಗುತ್ತಾರೆ ಎಂದು ಕಾದ. ಕಡೆಗೆ, "ಚ್ಯಾಷ್ಟಿ ಮಾಡಿದ್ರ ಹಿಂಗ ನಿಂತಗೊಂಡ್ರ ಹೆಂಗ" ಎಂದು ತಾನೇ ಗೊಣಗಿದ.

ನಾನು ಅವನ ಬಾಜೂದಿಂದಲೇ ಹೋಗಿ ಅಗಳಿ ತೆಗೆದೆ. ಬೆವರಿಗೆ ಎರಡು ಸಲ ಕೈ ಜಾರಿತು. ಅವನು ನನ್ನ ಕಿವಿಯ ಹತ್ತಿರ ಬಾಗಿ, "ಯರಗುಪ್ಪಿಗೆ ಬರತೇನಿ ನಾ" ಎಂದ. ಧೈರ್ಯ ಬಂತೆಂದು ಸುಳ್ಳು ಬರೆಯುವುದಿಲ್ಲ. ಅಂಜಿಕೊಂಡೇ ಹೋದೆ, ಅಂಜಿಕೊಂಡೇ ಹೇಳಿದೆ, ಅಂಜಿಕೊಂಡೇ ಹೊರಗೆ ಬಂದೆ.

ತವರಿನಿಂದ ಹೊರಟ ಮಗಳಿಗೆ ಉಡಿ ತುಂಬದೆ ಯಾರೂ ಕಳಿಸುವುದಿಲ್ಲ. ಜಗಳವಾಡಿ ಹೋದ ಹೆಣ್ಣಿಗೂ ಅಕ್ಕಿ, ಕೊಬ್ಬರಿ, ಕುಬಸದ ಕಣ ಹಾಕಿಯೇ ಕಳಿಸುತ್ತಾರೆ. ಅಜ್ಜಿ ಬೆನ್ನು ತಿರುಗಿಸಿ ಕಡಲೆ ಹಸನು ಮಾಡುತ್ತಲೇ ಇದ್ದಳು. ನಾನು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತೆ, ಕರೆಯಬಹುದೆಂದು. ಕರೆಯಲಿಲ್ಲ. ಬರಿ ಸೆರಗಿನಲ್ಲಿ ಬಸ್ ಸ್ಟ್ಯಾಂಡಿಗೆ ನಡೆದೆ. ದಾರಿಯುದ್ದಕ್ಕೂ ಅಳು. ಅದಕ್ಕೆ ಮಾತ್ರ ಯಾರ ಹತ್ತಿರವೂ ಹೆಸರು ಕೇಳಬೇಕಾಗಿರಲಿಲ್ಲ, ಅದು ದುಃಖ.

ಬಸ್ಸಿಗೆ ಕಾಲಿಡುವಾಗ ಹಿಂದಿನಿಂದ, "ಅಕ್ಕಾರ, ನಿಂದರ್ರಿ" ಎಂದು ಕೂಗು ಕೇಳಿಸಿತು. ನೀಲವ್ವ ಓಡಿ ಬರುತ್ತಿದ್ದಳು. ಕೈಯಲ್ಲಿ ಇನ್ನೂ ಹಿಟ್ಟು, ಬಗಲಲ್ಲಿ ಸಣ್ಣವ್ವ. ಅಜ್ಜಿಯ ಕಣ್ಣು ತಪ್ಪಿಸಿ ಉಡಿಗೇನೋ ತಂದಿದ್ದಾಳೆಂದು ನಾನು ಸೆರಗು ಒಡ್ಡಿದೆ. ಅವಳು ಕೂಸನ್ನು ಎತ್ತಿ ನನ್ನ ಉಡಿಯಲ್ಲಿ ಇಟ್ಟಳು. "ಇದನ್ನ ನಾಲ್ಕ ದಿನ ನಿಮ್ಮ ಮನ್ಯಾಗ ಇಟಗೋರಿ ಅಕ್ಕಾರ. ಹಗೇವಿನ ಮ್ಯಾಲ ಅವರು ತೂಗಿದಾಗಿಂದ ಇದು ಮಾತ ಬಿಟ್ಟೈತಿ. ಇದರಪ್ಪಗ ನಾ ಹೇಳತೇನಿ." ಕಂಡಕ್ಟರ್ ಸೀಟಿ ಹೊಡೆದ. ಅವಳು ರಸ್ತೆಯಲ್ಲೇ ನಿಂತಿದ್ದಳು, ಧೂಳಿನಲ್ಲಿ ಕಾಣದಾಗುವವರೆಗೂ.

ಮನೆಗೆ ಬಂದು ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರು ಬೀಡಿ ಹಚ್ಚಿದರು. "ನಿನ್ನ ತವರಮನಿ ಮಾತು ಅಂತ ನಾ ಬಾಯಿ ಹಾಕಿದ್ದಿಲ್ಲ. ನನಗ ಆ ಮನಷ್ಯಾ ಎಂದೂ ಸೇರಿಲ್ಲ" ಎಂದರು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಜಗಳ ತೆಗೆದೆ. ಆಮೇಲೆ ಅವರೇ ಎದ್ದು ಬಾಗಿಲಿಗೆ ಹೊಸ ಅಗಳಿ ಕೂರಿಸಿದರು. ಹುಲಿಗೆಪ್ಪ ಇನ್ನೂ ಬಂದಿಲ್ಲ. ಬರುತ್ತಾನೆ ಎಂದುಕೊಂಡೇ ಇದ್ದೇವೆ. ಇದನ್ನು ಬರೆಯುವಾಗಲೂ ಓಣಿಯಲ್ಲಿ ಸೈಕಲ್ ಸಪ್ಪಳವಾದರೆ ಎದ್ದು ಅಗಳಿ ನೋಡಿ ಬರುತ್ತೇನೆ. ಮುಕ್ತಾಬಾಯಿಯವರಿಗೆ ನಿಮ್ಮಪ್ಪ ಬೇರೆ ಪತ್ರ ಹಾಕಿದ್ದಾರೆ, ಅವರು ಸಂತೆಗೆ ಹೋದರೆ ನೀನೂ ಜೊತೆಗೆ ಹೋಗು. ಪರೀಕ್ಷೆ ಮುಗಿದ ದಿನ ನಿಮ್ಮಪ್ಪನೇ ಕರೆಯಲು ಬರುತ್ತಾರೆ. ನೌಕರಿ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗುವಿಯಂತೆ.

ಸಣ್ಣವ್ವ ಬಂದು ನಾಲ್ಕು ದಿನವಾಯಿತು. ಕೊಟ್ಟರೆ ಉಣ್ಣುತ್ತದೆ, ಮಾತಿಲ್ಲ. ನಿನ್ನೆ ಬಸು ಆಟಕ್ಕೆಂದು ಅದರ ಹಿಂದಿನಿಂದ ಓಡಿ ಬಂದ. ಕೂಸು ಕಿಲಕಿಲ ನಕ್ಕಿತು. ಅವನೂ ನಕ್ಕ. ನಾನು ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಎದ್ದು ಬಂದು ಅದರ ಮುಂದೆ ಕೂತೆ. "ಅಂಜಿದಿ ಏನ ನನ್ನವ್ವಾ?" ಎಂದು ಕೇಳಿದೆ. ಅದು ನಗುತ್ತಲೇ ನನ್ನ ಮುಖ ನೋಡಿತು. ನಾನು ನಗದೆ ಇದ್ದದ್ದನ್ನು ನೋಡಿ ಹೂಂ ಎಂದು ತಲೆಯಾಡಿಸಿತು. ಆಮೇಲೆ ಬಾಯಿ ತೆಗೆದು ಅತ್ತಿತು. ಓಣಿಯವರೆಲ್ಲ ಬಂದು ಏನಾಯಿತು ಏನಾಯಿತು ಎಂದು ಕೇಳಿದರು. "ಏನಿಲ್ಲ, ಅಂಜೈತಿ" ಎಂದೆ.

ಅಳಲು ಬಿಟ್ಟೆ. ರೊಟ್ಟಿ ಹೊತ್ತಿ ಹೋಯಿತು.

ನಿಮ್ಮವ್ವ
ದುಂಡವ್ವ